ಗಿರ್ಲವ್ವನ ಹೆಸರು ಯಾರಿಗೆ

ನನ್ನ ಅತ್ತೆಯ ಹೆಸರು ಕಾಶೆವ್ವ. ರೇಷನ್ ಕಾರ್ಡು, ಆಧಾರ್ ಕಾರ್ಡು ಬಿಟ್ಟರೆ ಆ ಹೆಸರು ಎಲ್ಲಿಯೂ ನಡೆಯುವುದಿಲ್ಲ. ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದು ಕಾಶೆವ್ವ ಅಂಬಿಗೇರ ಅವರ ಮನೆ ಯಾವುದು ಎಂದು ಕೇಳಿ ನೋಡಿ, ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗಿರ್ಲವ್ವನ ಮನೆ ಎನ್ನಿ, ಆಟೋದವನು ಎರಡನೆಯ ಮಾತಾಡದೆ ತಂದು ಬಾಗಿಲಿಗೆ ಬಿಡುತ್ತಾನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಊರಿನ ಸಂತೆಯಲ್ಲಿ ಅವಳಿಗೆ ಇದೇ ಹೆಸರು.

ಗಿರ್ಲು ಎಂಬುದು ನಮ್ಮ ಹೊಳೆಯ ಒಂದು ಸಣ್ಣ ಮೀನು. ನಮ್ಮ ಕಡೆ ಮೀನು ಮುಟ್ಟದ ಮನೆಗಳೂ ಬಹಳ, ಅವರಿಗಾಗಿ ಹೇಳುತ್ತೇನೆ. ಅದು ಗೇಣುದ್ದ ಬೆಳೆದರೆ ಹೆಚ್ಚು. ಮೈಯೆಲ್ಲ ನುಣುಪು, ಲೋಳೆ. ಬಾಯಿಯ ಸುತ್ತ ಬೆಕ್ಕಿನ ಹಾಗೆ ಮೀಸೆ. ಬೆನ್ನ ಮೇಲೆ ಒಂದು ಮುಳ್ಳು, ಕಿವಿರಿನ ಹಿಂದೆ ಅತ್ತ ಒಂದು, ಇತ್ತ ಒಂದು. ನೀರಿನಲ್ಲಿದ್ದಾಗ ಮುಳ್ಳುಗಳನ್ನು ಮೈಗೆ ಅಂಟಿಸಿಕೊಂಡು ಬಡಪಾಯಿಯ ಹಾಗೆ ಓಡಾಡಿಕೊಂಡಿರುತ್ತದೆ. ಕೈ ಹಾಕಿದಿರೋ, ಮೂರೂ ಸೆಟೆದು ನಿಲ್ಲುತ್ತವೆ. ಕಿರ್ ಕಿರ್ ಎಂದು ಸದ್ದು ಬೇರೆ. ಸತ್ತ ಮೇಲೂ ಆ ಮುಳ್ಳು ಮಲಗುವುದಿಲ್ಲ. ಚುಚ್ಚಿದರೆ ಚೇಳು ಕಡಿದಷ್ಟಲ್ಲದಿದ್ದರೂ ಮೊಣಕೈವರೆಗೆ ಜುಮ್ಮೆಂದು ಉರಿ ಏರುತ್ತದೆ. ಮರಾಠಿ ಮಾತಾಡುವವರು ಇದಕ್ಕೆ ಶಿಂಗಟಾ ಎನ್ನುತ್ತಾರೆ. ನಮಗೆ ಗಿರ್ಲು.

ಮೀನಿಗೆ ಗಿರ್ಲು ಎನ್ನುವುದು ಸರಿ. ಆದರೆ ನಮ್ಮ ಮನೆಯಲ್ಲಿ ಆ ಹೆಸರು ಮೀನಿನಷ್ಟಕ್ಕೆ ನಿಲ್ಲುವುದಿಲ್ಲ. ಹಟ ಮಾಡುವ ಹುಡುಗರಿಗೆ "ಗಿರ್ಲು ಸೆಟದಂಗ ಸೆಟದೈತಿ ನೋಡ" ಎನ್ನುತ್ತೇವೆ. ಸಂತೆಯಲ್ಲಿ ಗೌರವದಿಂದ ಕರೆದರೆ ಗಿರ್ಲವ್ವ. ಮನೆಯೊಳಗೆ, ಒಲೆಯ ಮುಂದೆ, ಪ್ರೀತಿ ಉಕ್ಕಿ ಕರೆದರೆ ಗಿರ್ಲಿ. ಆ ಕೊನೆಯದು ನನಗೆ ಬೇಕಾಗಿತ್ತು. ಇಪ್ಪತ್ತೆರಡು ವರ್ಷದಿಂದ ಬೇಕಾಗಿತ್ತು. ಅದು ನಾಲ್ಕು ವರ್ಷದ ಹಿಂದೆ ಬಂದ ನನ್ನ ನೆಗೆಣ್ಣಿಗೆ, ಮೈದುನನ ಹೆಂಡತಿಗೆ, ಸಿಕ್ಕಿತು. ಅತ್ತೆಯ ಕಥೆ ಹೇಳಲು ಕುಳಿತವಳು ಸ್ವಂತ ಹೊಟ್ಟೆಕಿಚ್ಚಿನ ಕಥೆ ಹೇಳುತ್ತಾಳಲ್ಲ ಎಂದು ನಗಬೇಡಿ. ಎರಡೂ ಒಂದೇ ಒಲೆಯ ಮೇಲೆ ಬೆಂದವು.

ಅತ್ತೆ ಹುಟ್ಟಿದ್ದು ಕುಲಗೋಡದಲ್ಲಿ. ಅವರದೂ ಅಂಬಿಗರ ಮನೆಯೇ, ಆದರೆ ಅಪ್ಪನ ಕಾಲಕ್ಕೇ ಬಲೆ ಬಿಟ್ಟು ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಹೀಗಾಗಿ ಎಮ್ಮೆಯ ಹಾಲು ಹಿಂಡುವುದು, ಜೋಳ ಕೊಯ್ಯುವುದು ಗೊತ್ತಿದ್ದ ಹುಡುಗಿಗೆ ಮೀನಿನ ತಲೆ ಯಾವುದು ಬಾಲ ಯಾವುದು ಗೊತ್ತಿರಲಿಲ್ಲ. ಮದುವೆಯಾಗಿ ಘಟಪ್ರಭಾಕ್ಕೆ ಬಂದ ಮೂರನೆಯ ದಿನ ಅವಳ ಅತ್ತೆ ಯಮನವ್ವ ಒಂದು ಬುಟ್ಟಿ ಗಿರ್ಲು ಮುಂದೆ ಸುರಿದು ಹಸನು ಮಾಡು ಎಂದಳಂತೆ. ಇವಳು ಬದನೆಕಾಯಿ ಎತ್ತಿದ ಹಾಗೆ ಎತ್ತಿದಳು. ಹೆಬ್ಬೆರಳ ಬುಡಕ್ಕೆ ಮುಳ್ಳು ಹೋಯಿತು.

ಮುಂದೆ ಅವಳ ಬಾಳು ಸುಲಭವಾಗಿರಲಿಲ್ಲ. ಇಬ್ಬರು ಗಂಡುಮಕ್ಕಳು ಇನ್ನೂ ಸಣ್ಣವರಿದ್ದಾಗ ಗಂಡ ಜ್ವರದಲ್ಲಿ ಹೋದ. ಬುಟ್ಟಿ ಹೊತ್ತು ಗೋಕಾಕ ಸಂತೆಗೆ ಹೋದರೆ ಹಳೆಯ ವ್ಯಾಪಾರಸ್ಥರು ರೋಹು, ಕಟ್ಲಾದಂಥ ದೊಡ್ಡ ಮೀನೆಲ್ಲ ತಮ್ಮ ಕಡೆ ಎಳೆದುಕೊಂಡು, ಯಾರಿಗೂ ಬೇಡವಾದ ಗಿರ್ಲುಗಳನ್ನು ಇವಳ ಕಡೆ ನೂಕಿದರು. ಕೊಳ್ಳಲು ಬಂದ ಹೆಂಗಸರು ಮುಳ್ಳು ನೋಡಿ ಮುಂದೆ ಹೋಗುತ್ತಿದ್ದರು. ಎರಡು ಸಂತೆ ಹೀಗೇ ಹೋಯಿತು. ಮೂರನೆಯ ಸಂತೆಗೆ ಅತ್ತೆ ಈಳಿಗೆ, ಒಂದು ಡಬ್ಬಿ ಬೂದಿ, ಒಂದು ಕೊಡ ನೀರು ಕಟ್ಟಿಕೊಂಡು ಹೋದಳು. ಬಂದವರ ಎದುರಿಗೇ ಮುಳ್ಳು ಮುರಿದು, ಬೂದಿ ಹಚ್ಚಿ ಲೋಳೆ ತಿಕ್ಕಿ ತೆಗೆದು, ಹೊಟ್ಟೆ ಸೀಳಿ ತೊಳೆದು, ಗಡಿಗೆಗೆ ಹಾಕುವುದೊಂದೇ ಬಾಕಿ ಎನ್ನುವ ಹಾಗೆ ಮಾಡಿ ಎಲೆಯ ಮೇಲೆ ಪಾಲು ಹಾಕಿ ಇಟ್ಟಳು.

ಅಂದು ಮೊದಲ ಪಾಲು ಒಯ್ದವಳು ಗೋಕಾಕ ಫಾಲ್ಸಿನ ಸುಲ್ತಾನಾಬಿ. ಅವಳ ಗಂಡ ಅಲ್ಲಿಯ ಮಿಲ್ಲಿನಲ್ಲಿದ್ದ. ಈಗಲೂ ಅವಳು ಕೈಯಲ್ಲಿ ಕೋಲು ಹಿಡಿದು ಸಂತೆಗೆ ಬರುತ್ತಾಳೆ, ಬಂದಾಗಲೆಲ್ಲ ಇದೇ ಮಾತು ಹೇಳುತ್ತಾಳೆ. "ಪಾಳಿಗಿ ಹೋಗೂ ಗಂಡಸ್ರ ಮನ್ಯಾಗ ಮೀನು ತಿಕ್ಕೊಂತ ಕುಂದ್ರಾಕ ಹೊತ್ತು ಎಲ್ಲೈತ್ರಿ? ಈ ಹೆಣ್ಮಗಳು ತಾ ಚುಚ್ಚಿಸಿಕೊಂಡು ನಮ್ಮ ಕೈ ಉಳಿಸಿದ್ಲು. ಅವತ್ತಿಂದ ಗಿರ್ಲವ್ವ ಅಂದೀವಿ."

ಹೀಗೆ ಯಾರೂ ಕೇಳದ ಮೀನಿನಿಂದ ಅವಳು ಎರಡು ಮಕ್ಕಳನ್ನು ಸಾಕಿದಳು, ಶಾಲೆ ಕಲಿಸಿದಳು, ತಗಡು ಹೊದಿಸಿದ ಪತ್ರಾಸಿನ ಮನೆಗೆ ಆರ್‌ಸಿಸಿ ಹಾಕಿಸಿದಳು. ಬಾಯಿ ಖಾರ, ಕೈ ಚುರುಕು. ಸಂತೆಯಲ್ಲಿ ಯಾರಾದರೂ ಹೆಚ್ಚು ಚೌಕಾಸಿ ಮಾಡಿದರೆ, "ಮುಳ್ಳು ನೀವ ಮುರಕೋತೇನಿ ಅಂದ್ರ ಅರ್ಧಕ್ಕ ಕೊಡತೇನ್ರಿ" ಎಂದು ಒಂದು ಜೀವಂತ ಗಿರ್ಲು ಎತ್ತಿ ಅವರ ಮುಂದೆ ಹಿಡಿಯುತ್ತಿದ್ದಳು. ಅಲ್ಲಿಗೆ ಚೌಕಾಸಿ ಮುಗಿಯುತ್ತಿತ್ತು.

ಇಂಥ ಮನೆಗೆ ನಾನು ಹಿರಿಯ ಸೊಸೆಯಾಗಿ ಬಂದೆ. ನನ್ನ ಹೆಸರು ಶಂಕ್ರವ್ವ. ಅಪ್ಪ ರಾಚಪ್ಪ ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದ ಬಲೆಗಾರ, ನನಗೆ ಏಳು ವರ್ಷ ಇದ್ದಾಗಲೇ ಗಿರ್ಲು ಹಿಡಿಯುವುದನ್ನು ಕಲಿಸಿದ್ದ. ಮುಂದಿನಿಂದ ಕೈ ಹಾಕಬಾರದು, ಬಾಲದ ಕಡೆಯಿಂದ ಕೈ ಜಾರಿಸಿಕೊಂಡು ಬಂದು, ಪಕ್ಕದ ಮುಳ್ಳುಗಳ ಹಿಂದೆ ಎರಡು ಬೆರಳು ಸಿಕ್ಕಿಸಿ, ಬೆನ್ನಿನ ಮುಳ್ಳನ್ನು ಬೆರಳ ಸಂದಿಯಲ್ಲಿ ಹೊರಗೆ ಬಿಡಬೇಕು. ಹತ್ತನೆಯ ಇಯತ್ತೆ ಪಾಸಾಗುವ ಹೊತ್ತಿಗೆ ನಾನು ಕಣ್ಣು ಮುಚ್ಚಿ ಹಸನು ಮಾಡುತ್ತಿದ್ದೆ. ಗಂಡನ ಮನೆಗೆ ಹೋಗುವಾಗ ಚಿನ್ನ ಹೆಚ್ಚು ಒಯ್ಯಲಿಲ್ಲ, ಈ ಕೈ ಒಯ್ದೆ. ಅದರ ಸೊಕ್ಕು ನನಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಅತ್ತೆ ಒಂದು ಬುಟ್ಟಿ ಗಿರ್ಲು ತಂದು ನನ್ನ ಮುಂದೆ ಸುರಿದಳು. ತಾನು ಎದುರಿಗೆ ಮಣೆ ಹಾಕಿಕೊಂಡು, ಎಲೆ ಅಡಿಕೆಯ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡು ಕುಳಿತಳು. ಒಂದು ಬಟ್ಟಲಲ್ಲಿ ಅರಿಷಿಣವನ್ನೂ ಇಟ್ಟಿದ್ದಳು. ಅದು ಯಾತಕ್ಕೆ ಎಂದು ನನಗೆ ಆಗ ಹೊಳೆಯಲಿಲ್ಲ. ನಾನು ಒಂದಾದ ಮೇಲೊಂದು ಮುಳ್ಳು ಮುರಿಯುತ್ತ ಹೋದೆ. ಬುಟ್ಟಿ ಮುಗಿಯಿತು. ಕೈಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಹೊಗಳುತ್ತಾಳೆ ಎಂದು ತಲೆ ಎತ್ತಿದೆ.

"ಬರತೈತಿ ನಿನಗ" ಎಂದಳು. ಅಷ್ಟೇ. ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು.

ಅಂದಿನಿಂದ ನಾನು ಆ ಮನೆಯ ಎತ್ತಾದೆ. ಬೆಳಗಿನ ಬಸ್ಸಿಗೆ ಹುಕ್ಕೇರಿ, ಮತ್ತೊಂದು ದಿನ ಮೂಡಲಗಿ, ಇನ್ನೊಂದು ದಿನ ಗೋಕಾಕ. ಅತ್ತೆ ವ್ಯಾಪಾರ ಮಾಡುತ್ತಿದ್ದಳು, ನಾನು ಹಿಂದೆ ಕುಳಿತು ಮುಳ್ಳು ಮುರಿಯುತ್ತಿದ್ದೆ. ಶಂಕ್ರವ್ವ ನೀರು ತಾ, ಶಂಕ್ರವ್ವ ಬೂದಿ ತಾ, ಶಂಕ್ರವ್ವ ಪಾಲು ಹಾಕು. ಒಂದು ದಿನ ಕೂಡ ಗದರಲಿಲ್ಲ, ಒಂದು ದಿನ ಕೂಡ ಬೆನ್ನ ಮೇಲೆ ಕೈ ಇಡಲಿಲ್ಲ. ಗದರಿದ್ದರಾದರೂ ನನಗೆ ಸಮಾಧಾನವಾಗುತ್ತಿತ್ತು.

ಹದಿನೆಂಟು ವರ್ಷದ ಮೇಲೆ ಮೈದುನ ಶಿವಕುಮಾರನ ಮದುವೆಯಾಯಿತು. ಹುಡುಗಿ ಹುಕ್ಕೇರಿಯವಳು, ಪದ್ಮಶ್ರೀ. ಅಪ್ಪ ಆಟೋ ಓಡಿಸುತ್ತಿದ್ದ. ಮೀನು ಎಂದರೆ ತಟ್ಟೆಗೆ ಬಂದ ಮೇಲೆ ನೋಡಿದವಳು. ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದಳು. ಮೂರನೆಯ ದಿನ ಅದೇ ಬುಟ್ಟಿ, ಅದೇ ಮಣೆ, ಅದೇ ಸುಣ್ಣದ ಡಬ್ಬಿ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಒಳಗೊಳಗೇ ನಗುತ್ತಿದ್ದೆ. ಬರಲಿ, ಈಗ ಗೊತ್ತಾಗುತ್ತದೆ ಯಾರ ಕೈ ಎಂಥದ್ದು ಎಂದು.

ಮೊದಲನೆಯ ಮೀನಿಗೇ ಪದ್ಮಶ್ರೀ ಹೋ ಎಂದು ಚೀರಿದಳು. ಹೆಬ್ಬೆರಳ ಬುಡದಲ್ಲಿ ರಕ್ತ. ಅತ್ತೆ ಬೈಯುತ್ತಾಳೆ ಎಂದು ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ. ಅತ್ತೆ ಬೈಯಲಿಲ್ಲ. ಆ ಕೈಯನ್ನು ಎತ್ತಿ ತನ್ನ ಎದೆಗೆ ಒತ್ತಿಕೊಂಡಳು. ಉಫ್ ಉಫ್ ಎಂದು ಊದಿದಳು. ಸುಣ್ಣಕ್ಕೆ ಅರಿಷಿಣ ಕಲೆಸಿ, ಬೆರಳ ತುದಿಯಿಂದ ನಿಧಾನವಾಗಿ ಹಚ್ಚಿದಳು. "ಅಳಬ್ಯಾಡ ನನ್ನ ಗಿರ್ಲಿ. ನನಗೂ ಇಲ್ಲೇ ಚುಚ್ಚಿತ್ತು, ನೋಡಿಲ್ಲಿ. ನಮ್ಮತ್ತಿ ಯಮನವ್ವ ಹಿಂಗ ಸುಣ್ಣ ಹಚ್ಚಿ ನನಗ ಗಿರ್ಲಿ ಅಂದಿದ್ಲು. ಚುಚ್ಚಿದ ಮ್ಯಾಲೆ ನೀ ಈ ಮನಿ ಮಗಳು."

ಆಗ ನನಗೆ ತಿಳಿಯಿತು. ಸಂತೆಯ ಮಂದಿ, ಮುಳ್ಳಿನಂಥ ಬಾಯಿ ಇರುವುದಕ್ಕೇ ಅವಳು ಗಿರ್ಲವ್ವ ಎಂದುಕೊಂಡಿದ್ದಾರೆ. ಸುಲ್ತಾನಾಬಿ, ಮುಳ್ಳು ಮುರಿದುಕೊಟ್ಟದ್ದಕ್ಕೆ ತಾವೇ ಇಟ್ಟ ಹೆಸರು ಎಂದುಕೊಂಡಿದ್ದಾಳೆ. ಯಾರದೂ ಖರೆ ಅಲ್ಲ. ಸಂತೆಗೆ ಕಾಲಿಡುವ ಮೊದಲೇ ಆ ಹೆಸರು ಈ ಮನೆಯೊಳಗೆ ಹುಟ್ಟಿತ್ತು. ಗಿರ್ಲಿ ಎಂದರೆ ಚುಚ್ಚುವವಳಲ್ಲ, ಚುಚ್ಚಿಸಿಕೊಂಡವಳು. ಹದಿನೆಂಟು ವರ್ಷ ಸಾವಿರಾರು ಮೀನು ಹಸನು ಮಾಡಿದರೂ ಚುಚ್ಚಿಸಿಕೊಳ್ಳದ ನನಗೆ ಹೆಸರಿಲ್ಲ. ಒಂದು ಮೀನು ಕೂಡ ಹಸನು ಮಾಡಲು ಬಾರದ ಆ ಹುಡುಗಿಗೆ ಮೂರೇ ದಿನದಲ್ಲಿ ಹೆಸರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂದು ನಾನು ಬಡಿದ ರೊಟ್ಟಿಗಳೆಲ್ಲ ಹರಿದವು.

ಆಮೇಲೆ ನಾನು ಮಾಡಿದ್ದನ್ನೆಲ್ಲ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬುಟ್ಟಿಯಲ್ಲಿ ಜೀವ ಇರುವ, ದೊಡ್ಡ ಮುಳ್ಳಿನ ಮೀನುಗಳನ್ನು ಆರಿಸಿ ಪದ್ಮಶ್ರೀಯ ಪಾಲಿಗೆ ಹಾಕುತ್ತಿದ್ದೆ. ಅವಳು ಕಲಿಯಲಿ ಎಂದು ಅತ್ತೆಗೆ ಹೇಳುತ್ತಿದ್ದೆ. ಅವಳಿಗೆ ಮತ್ತೆ ಚುಚ್ಚುತ್ತಿತ್ತು, ಅತ್ತೆ ಮತ್ತೆ ಊದುತ್ತಿದ್ದಳು. ನನ್ನ ಜಾಣತನ ನನಗೇ ಉಲ್ಟಾ ಹೊಡೆಯಿತು. ಬರಬರುತ್ತ ಅವಳೂ ಕಲಿತಳು. ಕೈ ನನ್ನಷ್ಟು ಚುರುಕಲ್ಲ, ಆದರೆ ನಗು ಚುರುಕು. ಗಿರಾಕಿಗಳ ಜೊತೆ ಮಾತಾಡುತ್ತ ಮುಂದೆ ಕುಳಿತುಕೊಳ್ಳುವವಳು ಅವಳೇ ಆದಳು. ನಾನು ಹಿಂದೆಯೇ ಉಳಿದೆ.

ಈ ವರ್ಷ ಅತ್ತೆಯ ಕಣ್ಣಿಗೆ ಪೊರೆ ಬಂತು. ಸಂತೆ ತಿರುಗುವುದು ಇನ್ನು ಸಾಕು, ಸ್ಟೇಶನ್ ರಸ್ತೆಯಲ್ಲಿ ಒಂದು ಅಂಗಡಿ ಹಾಕೋಣ ಎಂದು ಶಿವಕುಮಾರ ಹೊರಟ. ಅಂಗಡಿಗೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ, ಅಷ್ಟರಲ್ಲಿ ಬೋರ್ಡು ಬರೆಯುವವನನ್ನು ಗೊತ್ತು ಮಾಡಿಬಂದ. ಕೂಸು ಹುಟ್ಟುವ ಮುಂಚೆ ಕುಲಾವಿ. ಬೋರ್ಡಿನ ಮೇಲೆ "ಗಿರ್ಲವ್ವನ ಮೀನಿನ ಅಂಗಡಿ" ಎಂದು ಬರೆಸುವುದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕುಳಿತವಳನ್ನು ಊರು ಗಿರ್ಲವ್ವ ಎಂದೇ ಕರೆಯುತ್ತದಲ್ಲ, ಕುಳಿತುಕೊಳ್ಳುವವಳು ಯಾರು?

"ಅವ್ವ, ನೀ ಹೇಳ" ಎಂದ ಶಿವಕುಮಾರ.

"ಬಾಗಲಾ ಕೂಡ್ಸು ದಿನ ಹೇಳತೇನಿ" ಎಂದಳು ಅತ್ತೆ.

ಅದೇ ವಾರ ಗೋಕಾಕ ಸಂತೆಯಲ್ಲಿ ಸುಲ್ತಾನಾಬಿ ಪಾಲು ಕಟ್ಟಿಸಿಕೊಂಡು, ಪದ್ಮಶ್ರೀಯ ಗದ್ದ ಹಿಡಿದು, "ಇನ್ನ ಮುಂದ ನೀನ ನಮ್ಮ ಸಣ್ಣ ಗಿರ್ಲವ್ವ ಏನವಾ?" ಎಂದಳು. ಪದ್ಮಶ್ರೀ ನಾಚಿ ಅತ್ತೆಯ ಕಡೆ ನೋಡಿದಳು. ಅತ್ತೆ ನಕ್ಕಳು. ಸುಲ್ತಾನಾಬಿಗೆ ಮೂವತ್ತೈದು ವರ್ಷದಿಂದ ಗೊತ್ತಿರುವ ಪಾಲನ್ನು ಅದೇ ತಾನೇ ಹಸನು ಮಾಡಿ ಕೊಟ್ಟ ಕೈ ನನ್ನದು. ಆ ಕೈ ಯಾರದು ಎಂದು ಅವಳು ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ಬರುವಾಗ ಪದ್ಮಶ್ರೀ ಅತ್ತೆಯ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ನಾನು ಎದುರಿನ ಸೀಟಿನಲ್ಲಿ ಖಾಲಿ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಬಂದೆ.

ಮರುದಿನ ಮುಂಜಾನೆ ನಾನೊಬ್ಬಳೇ ಹಿತ್ತಲಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದೆ. ಅತ್ತೆ ಒಳಗೆ ಚಹಾ ಕುಡಿಯುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಗಿರ್ಲು ಒಂದನ್ನು ಎತ್ತಿದೆ. ಬೆನ್ನಿನ ಮುಳ್ಳು ಸೆಟೆದು ನಿಂತಿತ್ತು. ಎಡಗೈಯಲ್ಲಿ ಮೀನು ಹಿಡಿದು, ಬಲಗೈಯ ಅಂಗೈಯನ್ನು ಅದರ ಮೇಲೆ ಇಟ್ಟು, ಕಣ್ಣು ಮುಚ್ಚಿ ಒತ್ತಿದೆ.

ಎಷ್ಟು ಒತ್ತಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಚುಚ್ಚಿಸಿಕೊಳ್ಳದಿರುವುದನ್ನು ಅಪ್ಪ ಕಲಿಸಿದ್ದ, ಚುಚ್ಚಿಸಿಕೊಳ್ಳುವುದನ್ನು ಕಲಿಸಿರಲಿಲ್ಲ. ಮುಳ್ಳು ಅಂಗೈಯೊಳಗೆ ಹೊಕ್ಕು ಅಲ್ಲೇ ಮುರಿಯಿತು. ಚೀರಬೇಕೆಂದು ನಾನು ಯೋಚಿಸಿ ಇಟ್ಟುಕೊಂಡಿದ್ದೆ, ಯೋಚಿಸದೆ ಚೀರುವ ಹಾಗಾಯಿತು.

ಅತ್ತೆ ಓಡಿ ಬಂದಳು. ನನ್ನ ಕೈಯನ್ನು ಎತ್ತಿದಳು. ನಾನು ಕಣ್ಣೀರಿನ ನಡುವೆಯೂ ಅವಳ ಬಾಯನ್ನೇ ನೋಡುತ್ತಿದ್ದೆ. ಈಗ ಊದುತ್ತಾಳೆ, ಈಗ ಎದೆಗೆ ಒತ್ತಿಕೊಳ್ಳುತ್ತಾಳೆ, ಈಗ ಹೇಳುತ್ತಾಳೆ. ಅವಳು ಮಂಜುಗಣ್ಣಿಗೆ ಕೈಯನ್ನು ಹತ್ತಿರ ಹಿಡಿದು, ಮುಳ್ಳು ಹೊಕ್ಕ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ನನ್ನ ಮುಖ ನೋಡಿದಳು.

"ಗಿರ್ಲು ಎಂದಾರ ನಟ್ಟ ನಡು ಅಂಗೈಯಾಗ ಚುಚ್ಚತೈತೇನ ಬೇ? ಹಿಡಿಯಾಕ ಹೋದ್ರ ಹೆಬ್ಬಟ್ಟಿಗಿ ಚುಚ್ಚತೈತಿ, ಇಲ್ಲಾ ಬೆರಳಿಗಿ ಚುಚ್ಚತೈತಿ. ಇದು ಮೀನು ಚುಚ್ಚಿದ್ದಲ್ಲ. ನೀ ಚುಚ್ಚಿಕೊಂಡಿದ್ದು."

ನಲವತ್ತು ವರ್ಷ ಮೀನಿನ ಜೊತೆ ಬಾಳಿದವಳಿಗೆ ಗಾಯದ ಜಾಗ ಸುಳ್ಳು ಹೇಳುವುದಿಲ್ಲ ಎಂಬಷ್ಟು ಬುದ್ಧಿ ನನಗೆ ಇರಬೇಕಿತ್ತು. ಹೊಟ್ಟೆಕಿಚ್ಚಿಗೆ ಕಣ್ಣಿರುವುದಿಲ್ಲ.

"ಯಾಕ ಹಿಂಗ ಮಾಡಿಕೊಂಡಿ?"

ಇಪ್ಪತ್ತೆರಡು ವರ್ಷದ್ದೆಲ್ಲ ಒಮ್ಮೆಲೇ ಹೊರಗೆ ಬಂತು. "ಅಕಿಗಿ ಮೂರ ದಿನಕ್ಕ ಗಿರ್ಲಿ ಅಂದ್ರಿ ಅತ್ತಿ. ನನಗ ಯಾವಾಗ ಅಂದ್ರಿ? ನನ್ನ ಕೈ ನಿಮಗ ದುಡಿಯಾಕ ಬೇಕಾತು, ಹಿಡಿಯಾಕ ಬ್ಯಾಡಾತು. ಚುಚ್ಚಿದ್ರರ ಹಿಡೀತೀರೇನು ಅಂತ ಚುಚ್ಚಿಕೊಂಡ್ನಿ."

ಬುಟ್ಟಿಯಲ್ಲಿ ಗಿರ್ಲುಗಳು ಕಿರ್ ಕಿರ್ ಎನ್ನುತ್ತಿದ್ದವು. ಅತ್ತೆ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದಳು.

"ಇದು ನೆನಪೈತೇನ ನಿನಗ? ನೀ ಬಂದ ವರ್ಷ, ಮಳಿಗಾಲದಾಗ, ಒಂದಿನ ಮುಂಜಾನಿ ಡಬ್ಬಿ ತಗದ್ರ ಸುಣ್ಣದಾಗ ಬೆರಳಿನ ಗುರ್ತು. ನನ್ನ ಬೆರಳಲ್ಲ. ಹೊರಗ ಬಂದು ನೋಡಿದ್ರ ನೀ ಬಲಗೈ ಸೆರಗಿನಾಗ ಮುಚ್ಚಿಕೊಂಡು ಎಡಗೈಲೆ ಕಸಾ ಹೊಡ್ಯಾಕತ್ತಿದ್ದಿ. ಅವತ್ತು ನಿನಗ ಚುಚ್ಚಿತ್ತು. ಹೌದೋ ಅಲ್ಲೋ?"

ಹೌದು. ಒಂದೇ ಒಂದು ಸಲ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡಿರಲಿಲ್ಲ. ರಾಚಪ್ಪನ ಮಗಳಿಗೆ ಗಿರ್ಲು ಚುಚ್ಚಿತು ಎಂದರೆ ಅಪ್ಪನ ಮಾನ ಹೋಗುತ್ತದೆ ಎಂದು, ಎಲ್ಲರೂ ಏಳುವ ಮೊದಲೇ ಎದ್ದು, ಡಬ್ಬಿಯಿಂದ ಸುಣ್ಣ ಕದ್ದು ಹಚ್ಚಿಕೊಂಡಿದ್ದೆ. ಹೆಬ್ಬೆರಳ ಬುಡಕ್ಕೇ ಚುಚ್ಚಿತ್ತು. ಅಲ್ಲೇ, ಆ ಜಾಗದಲ್ಲೇ.

"ನಾ ಕಾದ್ನಿ" ಎಂದಳು ಅತ್ತೆ. "ಇವತ್ತ ಹೇಳತಾಳ, ನಾಳಿ ಹೇಳತಾಳ, ಅತ್ತಿ ಉರಿಯಾಕತ್ತೈತಿ ನೋಡ್ರಿ ಅಂತ ಬರತಾಳ ಅಂತ ಕಾದ್ನಿ. ನೀ ಬರಲಿಲ್ಲ. ನಿಮ್ಮಪ್ಪ ನಿನಗ ಎಲ್ಲಾ ಕಲಿಸಿ ಕಳಿಸಿದ. ನನಗ ಕಲಿಸಾಕ ಏನ ಉಳಿಸಿದ್ದ? ನಿನ್ನ ಕೈ ನೋಡಿದಾಗೆಲ್ಲಾ ಅಂವನ ಕಾಣತಿದ್ದ. ನನಗೂ ಹೊಟ್ಟಿ ಉರೀತಿತ್ತು, ತಿಳೀತೇನು? ಪದ್ಮಶ್ರೀಗಿ ಏನೂ ಬರತಿರಲಿಲ್ಲ. ಅಕಿಗಿ ನಾ ಬೇಕಾಗಿದ್ನಿ."

ಹಿತ್ತಲಲ್ಲಿ ಇಬ್ಬರೂ ಎದುರುಬದುರು ಕುಳಿತಿದ್ದೆವು. ನನಗೆ ಹೊಟ್ಟೆಕಿಚ್ಚು ಬರುತ್ತಿದ್ದದ್ದು ಅತ್ತೆಯ ಪ್ರೀತಿ ಪಡೆದವಳ ಮೇಲೆ. ಅತ್ತೆಗೆ ಹೊಟ್ಟೆಕಿಚ್ಚು ಬರುತ್ತಿದ್ದದ್ದು ಹೊಳೆಯ ದಂಡೆಯಲ್ಲಿ ಬಲೆ ಹೆಣೆಯುತ್ತ ಕುಳಿತ ನನ್ನ ಅಪ್ಪನ ಮೇಲೆ. ಇದನ್ನು ಅವಳು ಅಂದೇ ಹೇಳಿದ್ದರೆ ನಾನು ಪ್ರತಿದಿನ ಚುಚ್ಚಿಸಿಕೊಳ್ಳುತ್ತಿದ್ದೆ.

"ಹಂಗಾರ ಈಗರ ಅನ್ರಿ ಅತ್ತಿ" ಎಂದೆ, ಮಾನ ಮರ್ಯಾದೆ ಬಿಟ್ಟು.

"ಇಲ್ಲ. ಮಾಡಿಕೊಂಡ ಗಾಯಕ್ಕ ಹೆಸರಿಲ್ಲ" ಎಂದಳು. ಸುಣ್ಣ ಮಾತ್ರ ಹಚ್ಚಿದಳು. ಊದಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ. ಸಂಜೆಯೊಳಗೆ ಕೈ ಬದನೆಕಾಯಿಯ ಹಾಗೆ ಕಪ್ಪಾಗಿ ಊದಿತು. ಗಂಡ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ಕೊಯ್ದು ಮುಳ್ಳಿನ ತುಂಡು ತೆಗೆದು, ಮೂರು ಹೊಲಿಗೆ ಹಾಕಿ, ಮೊಣಕೈವರೆಗೆ ಬಟ್ಟೆ ಸುತ್ತಿ, ಹದಿನೈದು ದಿನ ನೀರು ಮುಟ್ಟಬೇಡಿ ಎಂದರು. ಇಪ್ಪತ್ತೆರಡು ವರ್ಷದಲ್ಲಿ ನಾನು ನೀರು ಮುಟ್ಟದ ಹದಿನೈದು ದಿನ ಅವೇ. ಸಂತೆಗೆ ಪದ್ಮಶ್ರೀ ಹೋದಳು. ಅಂಗಡಿಯ ಬಾಗಿಲು ಕೂಡಿಸಿದರು. ಬೋರ್ಡಿನವನು ಮನೆಯ ಅಂಗಳಕ್ಕೆ ಬಂದು ಹಲಗೆಗೆ ಹಳದಿ ಬಣ್ಣ ಬಳಿದು, ಏನು ಬರೆಯಲಿ ಎಂದು ನಿಂತ. ನಾನು ಮಲಗಿದ್ದ ಕೋಣೆಯಿಂದಲೇ ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದೆ.

"ಹೆಸರು ಬರದ ಹೋಗ್ರಿ" ಎಂದಳು ಅತ್ತೆ. "ಕುಂದ್ರಾಕಿ ಯಾರು ಅನ್ನೂದು ಆಮ್ಯಾಲೆ ನೋಡೂಣು."

ಆಮೇಲೆ ನೋಡುವುದಕ್ಕೆ ಏನಿದೆ ಎಂದುಕೊಂಡೆ. ಕೈ ಕಟ್ಟಿಸಿಕೊಂಡವಳು ಗಲ್ಲೆಯ ಮೇಲೆ ಕುಳಿತು ಏನು ಮಾಡುತ್ತಾಳೆ? ಸ್ವಂತ ಕೈಯಿಂದ ಸ್ವಂತ ಜಾಗ ಕಳೆದುಕೊಂಡಿದ್ದೆ. ಗೋಡೆಯ ಕಡೆ ಮುಖ ಮಾಡಿ ಕಣ್ಣೀರು ಹಾಕಿದೆ.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ಗಿರ್ಲುಸಾರು ಮಾಡಿದ್ದರು. ಎಡಗೈಯಲ್ಲಿ ಚಮಚ ಹಿಡಿದು ನಾನು ಒದ್ದಾಡುತ್ತಿದ್ದೆ. ಮೀನಿನ ಮಾಂಸ ಬಿಡಿಸಲು ಬರುತ್ತಿರಲಿಲ್ಲ. ಈ ಮನೆಯಲ್ಲಿ ಎಲ್ಲರ ತಟ್ಟೆಯ ಮೀನಿಗೂ ಮುಳ್ಳು ಬಿಡಿಸಿ ಕೊಡುತ್ತಿದ್ದವಳು ನಾನು, ನನ್ನ ತಟ್ಟೆಗೆ ಯಾರಿದ್ದಾರೆ? ಸಾಕಾಗಿ ತಟ್ಟೆ ನೂಕಿದೆ.

ಅತ್ತೆ ಬಂದು ಮುಂದೆ ಕುಳಿತಳು. ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಕಣ್ಣು ಕಾಣದಿದ್ದರೂ ಅವಳ ಬೆರಳಿಗೆ ಕಣ್ಣಿದೆ. ಮೀನಿನ ನಡುವಿನ ಎಲುಬನ್ನು ಒಂದೇ ಸಲಕ್ಕೆ ಎಳೆದು ತೆಗೆದಳು, ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ತಡಕಿ ತಟ್ಟೆಯ ಅಂಚಿಗೆ ಇಟ್ಟಳು, ಜೋಳದ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ, ಮೀನು ಸೇರಿಸಿ ತುತ್ತು ಮಾಡಿದಳು. ನನಗೆ ನಾಚಿಕೆಯಾಯಿತು. ಎರಡು ಮಕ್ಕಳ ತಾಯಿ ನಾನು, ಬಾಯಿ ತೆರೆಯಲಿಲ್ಲ.

"ಅತ್ತಿ, ನಾ ಉಣತೇನ್ರಿ ಬಿಡ್ರಿ."

"ಮತ್ತ ಅದ ಸೊಕ್ಕು" ಎಂದಳು ಅತ್ತೆ, ತುತ್ತು ಹಾಗೇ ಹಿಡಿದುಕೊಂಡು. "ಗಾಯ ನೀ ಮಾಡಿಕೊಂಡಿದ್ದು, ಖರೆ. ಹಸಿವು ನೀ ಮಾಡಿಕೊಂಡಿದ್ದಲ್ಲ. ಬಾಯಿ ತಗಿ, ಗಿರ್ಲಿ."

"ಬಂದ್ನಿರಿ ಅತ್ತಿ!" ಎಂದು ಹೊರಗಿನಿಂದ ಪದ್ಮಶ್ರೀ ಓಡಿ ಬಂದಳು. ಕೈಯಲ್ಲಿ ತೊಳೆಯುತ್ತಿದ್ದ ಗಂಗಾಳ, ಮುಖದ ತುಂಬ ನಗು.

ಅತ್ತೆ ತಿರುಗಿಯೂ ನೋಡಲಿಲ್ಲ. "ನಿನಗಲ್ಲವಾ, ಇಕಿಗಿ" ಎಂದಳು.

ಪದ್ಮಶ್ರೀ ಅಲ್ಲೇ ನಿಂತಳು. ಗಂಗಾಳದ ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಅತ್ತೆಯ ಕೈ ನೋಡಿದಳು, ನನ್ನ ಬಾಯಿ ನೋಡಿದಳು, ನಗು ಅಷ್ಟಷ್ಟೇ ಇಳಿಯಿತು. ಆ ಮುಖದ ಗುರುತು ನನಗೆ ಚೆನ್ನಾಗಿ ಇತ್ತು. ನಾಲ್ಕು ವರ್ಷದ ಹಿಂದೆ ಹಿಟ್ಟಿನ ಕೈಯಲ್ಲಿ ಅದೇ ಬಾಗಿಲಲ್ಲಿ ನಿಂತ ನನ್ನದೇ ಮುಖ ಅದು.

ಬಾ ತಂಗಿ, ನೀನೂ ಕುಳಿತುಕೋ ಎಂದು ನಾನು ಕರೆಯಬಹುದಿತ್ತು. ಒಳ್ಳೆಯ ಹೆಂಗಸಾಗಿದ್ದರೆ ಕರೆಯುತ್ತಿದ್ದೆ. ನಾಳೆ ಕರೆಯುತ್ತೇನೆ ಎಂದುಕೊಂಡೆ. ಅಂದು ಮಾತ್ರ ಬಾಯಿ ದೊಡ್ಡದಾಗಿ ತೆರೆದು ತುತ್ತು ತೆಗೆದುಕೊಂಡೆ, ನಿಧಾನವಾಗಿ ಅಗಿದೆ, ಇನ್ನೊಂದು ರೊಟ್ಟಿ ಹಾಕ್ರಿ ಅತ್ತಿ ಎಂದೆ.